ಕಲಂಗುಟ್‌ನ ಹಳೆಯ ಫೋಟೋಗಳಲ್ಲಿ ಹಗ್ಗ ಎಳೆಯುವವರು

ಗೋವಾದ ಕಲಂಗುಟ್‌ನಲ್ಲಿ, ಬೀಚಿನಿಂದ ಸ್ವಲ್ಪ ಒಳಗಿರುವ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದೆವು. ಎದುರಿನ ಗೋಡೆ ತುಂಬ ಒಂದು ಕಪ್ಪು-ಬಿಳುಪು ಫೋಟೋ. ಹಿಂದೆ ಕಡಲು, ಪಕ್ಕಕ್ಕೆ ತೆಂಗಿನ ತೋಟ. ಮುಂದೆ ಮರಳಿನ ಮೇಲೆ ಮೂವತ್ತು ನಲವತ್ತು ಗಂಡಸರು ಸಾಲಾಗಿ ನಿಂತು, ಮೈ ಹಿಂದಕ್ಕೆ ಬಾಗಿಸಿ, ದಪ್ಪ ಹಗ್ಗವೊಂದನ್ನು ಎಳೆಯುತ್ತಿದ್ದಾರೆ. ಸೊಂಟಕ್ಕೆ ಲಂಗೋಟಿ, ತಲೆಗೆ ಬಟ್ಟೆ. ಹಗ್ಗದ ಇನ್ನೊಂದು ತುದಿ ಫೋಟೋದ ಚೌಕಟ್ಟಿನಾಚೆ ಹೋಗಿಬಿಟ್ಟಿದೆ.

ತಟ್ಟೆ ತಂದಿಟ್ಟ ಹುಡುಗ ನಮ್ಮ ಮಾತು ಕೇಳಿ ನಿಂತ. "ಕನ್ನಡದೋರೇನ್ರೀ?" ಅಂದ. ಹಾವೇರಿ ಕಡೆಯವನು. ಗೋವಾಕ್ಕೆ ಬಂದು ಮೂರು ವರ್ಷವಾಯಿತಂತೆ. ನಾವು ಫೋಟೋ ನೋಡುತ್ತಿದ್ದದ್ದನ್ನು ಕಂಡು ಅವನೇ ಕೇಳಿದ: "ಇದು ಯಾವೂರ ಜಾತ್ರೀರಿ ಸರ? ದಿನಾ ಧೂಳ ಒರಸ್ತೀನಿ. ಹಗ್ಗ ಐತಿ, ಎಳ್ಯಾವ್ರು ಅದಾರ, ತೇರ ಮಾತ್ರ ಕಾಣವಲ್ದು."

ನಮ್ಮಲ್ಲಿ ಒಬ್ಬ ಹೊನ್ನಾವರ ಕಡೆಯ ಖಾರ್ವಿ ಮನೆಯವನು. ಅವನಿಗೆ ನಗು ಬಂತು. "ತೇರಲ್ಲ ಮಾರಾಯ, ಅದು ರಂಪಣಿ. ತೇರು ಕಡಲೊಳಗಿದೆ" ಅಂದ.

ಬಯಲುಸೀಮೆಯ ಓದುಗರಿಗಾಗಿ ರಂಪಣಿ ಅಂದರೇನು ಎಂದು ಮೊದಲು ಹೇಳಬೇಕು. ಅದು ದಡಕ್ಕೆ ಎಳೆಯುವ ಭಾರೀ ಬಲೆ. ಒಂದು ಕಿಲೋಮೀಟರಿಗೂ ಮೀರಿ ಉದ್ದವಿರುತ್ತಿದ್ದ ಬಲೆಗಳಿದ್ದವು. ಮಳೆಗಾಲ ಮುಗಿದು ಕಡಲು ತಣ್ಣಗಾಗುತ್ತಿದ್ದಂತೆ ಬಂಗುಡೆ, ತಾರ್ಲೆ ಮೀನು ಹಿಂಡು ಹಿಂಡಾಗಿ ದಡದ ಹತ್ತಿರ ಬರುತ್ತವೆ. ಅನುಭವಸ್ಥನೊಬ್ಬ ದಡದಲ್ಲಿ ನಿಂತು ನೀರಿನ ಬಣ್ಣ ನೋಡುತ್ತಾನೆ. ನೀರು ಒಂದು ಕಡೆ ಕಪ್ಪಾದರೆ, ಮೇಲೆ ಹಕ್ಕಿಗಳು ಸುತ್ತಿದರೆ, ಕೂಗು ಹಾಕುತ್ತಾನೆ. ಬಲೆಯ ಒಂದು ತುದಿಯ ಹಗ್ಗವನ್ನು ದಡದಲ್ಲಿದ್ದವರ ಕೈಗೆ ಕೊಟ್ಟು ದೋಣಿ ಹೊರಡುತ್ತದೆ. ಬಲೆ ಬಿಡುತ್ತ ಬಿಡುತ್ತ, ಹಿಂಡನ್ನು ಅರ್ಧಚಂದ್ರದ ಹಾಗೆ ಸುತ್ತಿ, ದೂರದಲ್ಲಿ ಇನ್ನೊಂದು ಕಡೆ ದಡ ಮುಟ್ಟುತ್ತದೆ. ಆಮೇಲೆ ಎರಡು ಗುಂಪು ಎರಡು ಹಗ್ಗ ಹಿಡಿದು ಎಳೆಯಬೇಕು. ಒಂದೆರಡು ತಾಸಿನ ಕೆಲಸ. ಐವತ್ತು ಜನ ಬೇಕು, ದೊಡ್ಡ ಬಲೆಯಾದರೆ ನೂರು.

ದೋಣಿಯೂ ವಿಶೇಷವೇ. ಹಲಗೆಗಳನ್ನು ಮೊಳೆ ಹೊಡೆದು ಕೂಡಿಸುತ್ತಿರಲಿಲ್ಲ, ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಮರಳಿಗೆ ಬಡಿದರೂ ಹೊಲಿದ ದೋಣಿ ಸ್ವಲ್ಪ ಬಳುಕುತ್ತದೆ, ಒಡೆಯುವುದಿಲ್ಲ.

ಬಲೆ ಒಬ್ಬನ ಆಸ್ತಿಯಲ್ಲ, ಹಲವು ಮನೆಗಳ ಪಾಲು ಅದರಲ್ಲಿ ಇರುತ್ತಿತ್ತು. ಮೀನು ಬಿದ್ದಾಗ ಬಲೆಗೆ ಇಷ್ಟು, ದೋಣಿಗೆ ಇಷ್ಟು, ಎಳೆದವರಿಗೆ ಇಷ್ಟು ಎಂದು ಹಂಚಿಕೆ. ದಾರಿಯಲ್ಲಿ ಹೋಗುವವನು ಬಂದು ಹಗ್ಗಕ್ಕೆ ಕೈ ಹಚ್ಚಿದರೂ ಅವನ ಕೈಗೊಂದು ಹಿಡಿ ಮೀನು ಬೀಳುತ್ತಿತ್ತು. ಹೆಂಗಸರು ಬುಟ್ಟಿ ತುಂಬಿ ತಲೆ ಮೇಲೆ ಹೊತ್ತು ಊರೂರು ಮಾರುತ್ತಿದ್ದರು. ಮಳೆಗಾಲಕ್ಕೆಂದು ಉಪ್ಪು ಹಾಕಿ ಒಣಗಿಸಿ ಇಡುತ್ತಿದ್ದರು. ತೀರಾ ಹೆಚ್ಚಾದ ತಾರ್ಲೆ ತೆಂಗಿನ ಬುಡಕ್ಕೆ ಗೊಬ್ಬರ. ಕಾರವಾರದಿಂದ ಮಂಗಳೂರಿನವರೆಗೆ ನಮ್ಮ ಕರಾವಳಿಯಲ್ಲೂ ಇದೇ ರಂಪಣಿ, ಇದೇ ಹಂಚಿಕೆ ಇತ್ತು. ಗೋವಾದಲ್ಲಿ ಇದನ್ನು ಎಳೆಯುವವರಿಗೆ ರಾಂಪಣ್‌ಕಾರ್ ಅನ್ನುತ್ತಾರೆ.

ಈ ಊಟದ ನಂತರ ನಾವು ಕಲಂಗುಟ್, ಪಕ್ಕದ ಕಾಂಡೋಲಿಮ್, ಬಾಗಾ ಊರುಗಳ ಹಳೆಯ ಫೋಟೋ ಎಲ್ಲೆಲ್ಲಿ ಸಿಗುತ್ತದೋ ಅಲ್ಲೆಲ್ಲ ನೋಡಿದೆವು. ಹೋಟೆಲ್ ಗೋಡೆ, ಮನೆಯ ಪಡಸಾಲೆ, ಹಳೆಯ ಪೋಸ್ಟ್‌ಕಾರ್ಡ್, ಮೊಬೈಲಿನಿಂದ ಮೊಬೈಲಿಗೆ ಹಾರಿ ಬಂದ ಚಿತ್ರಗಳು. ಹಿಂದುಗಡೆ ಇಸವಿ ಬರೆದದ್ದು ಬಹಳ ಕಡಿಮೆ. ಕಾಲ ಅಂದಾಜು ಮಾಡಲು ನಮ್ಮ ಖಾರ್ವಿ ಗೆಳೆಯ ಒಂದು ಉಪಾಯ ಹೇಳಿಕೊಟ್ಟ: ಬಲೆ ನೋಡಿ. ಹತ್ತಿ ಮತ್ತು ನಾರಿನ ಬಲೆಯನ್ನು ಪ್ರತಿ ಸಲ ಒಣಗಿಸಲೇಬೇಕು, ಇಲ್ಲದಿದ್ದರೆ ಕೊಳೆಯುತ್ತದೆ. ಬಾಳಿಕೆ ಬರಲೆಂದು ಮರದ ತೊಗಟೆಯ ಕಷಾಯದಲ್ಲಿ ಅದ್ದುತ್ತಿದ್ದರು. ದಡದ ತುಂಬ ಬಲೆ ಹರಡಿದ ಫೋಟೋ ಕಂಡರೆ ಅದು ಬಹುಮಟ್ಟಿಗೆ ನೈಲಾನ್ ಬರುವ ಮೊದಲಿನದು. ಆಮೇಲೆ ಕರೆಂಟಿನ ಕಂಬ ಇದೆಯೇ ನೋಡಿ. ದೋಣಿಯ ಹಿಂದೆ ಇಂಜಿನ್ ಇದೆಯೇ ನೋಡಿ.

ಪೋರ್ಚುಗೀಸರ ಕಾಲದ ಫೋಟೋಗಳಲ್ಲಿ ಮೀನುಗಾರರು ಸಿಗುವುದೇ ಅಪರೂಪ. ಆಗ ಕ್ಯಾಮೆರಾ ಪಣಜಿಯ ಸ್ಟುಡಿಯೋದವರ ಹತ್ತಿರ ಇತ್ತು. ಹತ್ತೊಂಬತ್ತನೇ ಶತಮಾನದ ಕೊನೆಗೆ ಹೆಸರು ಮಾಡಿದ ಸೋಜಾ ಅಂಡ್ ಪಾಲ್ ಅಂಥವರು ತೆಗೆದದ್ದು ಚರ್ಚು, ಕೋಟೆ, ಗವರ್ನರು, ಸೂಟು ತೊಟ್ಟ ಮನೆತನಗಳು. ಕಡಲು ಬಂದರೂ ಅದು ಅಗ್ವಾದ ಕೋಟೆಯ ಹಿನ್ನೆಲೆಯಾಗಿ ಬರುತ್ತದೆ. ಕಲಂಗುಟ್‌ನ ದಡಕ್ಕೆ ಬರುವ ಮೊದಲ ಪ್ರವಾಸಿಗರು ಗೋವಾದವರೇ. ಏಪ್ರಿಲ್-ಮೇ ತಿಂಗಳಲ್ಲಿ ಉಳ್ಳವರು ಮನೆಮಂದಿಯೊಂದಿಗೆ ಬಂದು, ದಡದ ಹತ್ತಿರ ಮನೆ ಬಾಡಿಗೆಗೆ ಹಿಡಿದು, ಆರೋಗ್ಯಕ್ಕೆಂದು ಉಪ್ಪು ನೀರಿನಲ್ಲಿ ಮೀಯುತ್ತಿದ್ದರು. ಇದಕ್ಕೆ ಪೋರ್ಚುಗೀಸಿನಲ್ಲಿ ಮುದಾನ್ಸಾ ಎಂಬ ಹೆಸರು, ಅಂದರೆ ಬದಲಾವಣೆ. ಹವಾ ಬದಲಾವಣೆ ಅಂತ ನಾವು ಹೇಳುತ್ತೇವಲ್ಲ, ಅದೇ. ಇಂಥ ಒಂದು ಮನೆತನದ ಗ್ರೂಪ್ ಫೋಟೋದಲ್ಲಿ, ಕುರ್ಚಿಗಳ ಸಾಲಿನ ಹಿಂದೆ ದೂರದಲ್ಲಿ, ಒಂದು ದೋಣಿ ಮತ್ತು ಅದಕ್ಕೆ ಒರಗಿ ಕೂತ ಇಬ್ಬರು ಕಾಣುತ್ತಾರೆ. ಫೋಟೋಗ್ರಾಫರ್ ಅವರನ್ನು ಗಮನಿಸಿರಲಿಕ್ಕಿಲ್ಲ. ಅಂಚಿನಲ್ಲಿ ಸಿಕ್ಕಿಬಿದ್ದಿದ್ದಾರೆ.

1961ರ ಡಿಸೆಂಬರ್ 19ರಂದು ಗೋವಾ ಭಾರತಕ್ಕೆ ಸೇರಿತು. ಅದೇ ದಶಕದ ಕೊನೆಗೆ ಹಿಪ್ಪಿಗಳು ಬರತೊಡಗಿದರು. ಯುರೋಪಿನಿಂದ ಬಸ್ಸು, ರೈಲು ಹಿಡಿದು ನೆಲದ ಮೇಲೆಯೇ ಬಂದವರು, ಮುಂಬೈಯಿಂದ ಸ್ಟೀಮರಿನಲ್ಲಿ ಪಣಜಿಗೆ ಇಳಿದವರು. ಮೊದಲು ಕಲಂಗುಟ್, ಆಮೇಲೆ ಬಾಗಾ, ಆಮೇಲೆ ಅಂಜುನಾ. ಅವರಲ್ಲೊಬ್ಬ ಅಮೆರಿಕದ ಯರ್ಟ್‌ವರ್ಡ್ ಮಜ್ಮಾನಿಯನ್. ಎಲ್ಲರೂ ಕರೆಯುತ್ತಿದ್ದದ್ದು ಎಂಟು ಬೆರಳಿನ ಎಡ್ಡಿ ಅಂತ. 1975ರ ಸುಮಾರಿಗೆ ಅಂಜುನಾದ ಬುಧವಾರದ ಸಂತೆ ಶುರುಮಾಡಿದವನು ಅವನೇ ಎಂದು ಹೇಳುತ್ತಾರೆ. ಕೈಯಲ್ಲಿದ್ದ ಕ್ಯಾಮೆರಾ, ಬಟ್ಟೆ, ಪುಸ್ತಕ ಮಾರಿ ಊರಿಗೆ ಹೋಗುವ ಖರ್ಚು ಹೊಂದಿಸಿಕೊಳ್ಳುವ ಸಂತೆ ಅದು. ಎಡ್ಡಿ 2010ರಲ್ಲಿ ಗೋವಾದಲ್ಲೇ ತೀರಿಕೊಂಡ.

ಈ ಕಾಲದ ಬಣ್ಣದ ಫೋಟೋಗಳು ಬೇಕಾದಷ್ಟು ಸಿಗುತ್ತವೆ. ಉದ್ದ ಕೂದಲು, ಗಿಟಾರು, ಮಣಿಸರ. ನಾವು ನೋಡಿದ್ದು ಅವರ ಬೆನ್ನ ಹಿಂದೆ ಏನಿದೆ ಎಂಬುದನ್ನು. ಅಲ್ಲಿ ತೆಂಗಿನ ಗರಿಯ ದೋಣಿ ಚಪ್ಪರ ಇದೆ. ಮರಳಿನ ಮೇಲೆ ಹರವಿದ ಮೀನು ಇದೆ. ಒಂದರಲ್ಲಿ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿದ ಹೆಂಗಸು ಹಿಪ್ಪಿಯೊಬ್ಬನ ಕೈಗೆ ತಟ್ಟೆ ಕೊಡುತ್ತಿದ್ದಾಳೆ. ಇಂದಿನ ಬೀಚ್ ಶಾಕ್‌ಗಳ ಮೂಲ ಆ ತಟ್ಟೆಯಲ್ಲಿದೆ. ಮೀನುಗಾರರ ಮನೆಯವರು ಚಪ್ಪರದ ಕೆಳಗೆ ಅನ್ನ-ಮೀನಿನ ಸಾರು ಕೊಟ್ಟರು, ಮನೆಯ ಒಂದು ಕೋಣೆ ಬಾಡಿಗೆಗೆ ಕೊಟ್ಟರು. ಹಿಪ್ಪಿಗಳ ಬಗ್ಗೆ ಊರಿನಲ್ಲಿ ಬೈಗುಳವೂ ಇತ್ತು, ಬತ್ತಲೆ ಮೀಯುತ್ತಾರೆಂದು ಪಾದ್ರಿಗಳ ಸಿಟ್ಟೂ ಇತ್ತು. ಆದರೆ ಬಾಡಿಗೆಯ ರೊಕ್ಕ ನೇರವಾಗಿ ಆ ಮನೆಯ ಹೆಂಗಸಿನ ಸೆರಗಿಗೆ ಬರುತ್ತಿತ್ತು. ಮುಂದೆ ಬಂದ ದೊಡ್ಡ ಹೋಟೆಲುಗಳ ರೊಕ್ಕ ಹಾಗೆ ಬರಲಿಲ್ಲ.

1974ರಲ್ಲಿ ಅಗ್ವಾದ ಕೋಟೆಯ ಪಕ್ಕದಲ್ಲೇ ತಾಜ್ ಗುಂಪಿನ ಬೀಚ್ ರೆಸಾರ್ಟ್ ತೆರೆಯಿತು. 1983ರ ನವೆಂಬರಿನಲ್ಲಿ ಕಾಮನ್‌ವೆಲ್ತ್ ದೇಶಗಳ ನಾಯಕರು ದೆಹಲಿಯ ಸಭೆಯ ನಡುವೆ ವಿಶ್ರಾಂತಿಗೆ ಇಲ್ಲಿಗೇ ಬಂದರು. ಇಂದಿರಾ ಗಾಂಧಿ, ಮಾರ್ಗರೆಟ್ ಥ್ಯಾಚರ್ ಎಲ್ಲ ಬಂದ ಮೇಲೆ ಗೋವಾದ ದಡ ಜಗತ್ತಿನ ಪತ್ರಿಕೆಗಳಲ್ಲಿ ಬಂತು. ಎಂಬತ್ತರ ದಶಕದ ಮಧ್ಯದಿಂದ ಯುರೋಪಿನಿಂದ ನೇರ ಚಾರ್ಟರ್ ವಿಮಾನಗಳು ಇಳಿಯತೊಡಗಿದವು. ಜಾಗೃತ್ ಗೋಂಯ್‌ಕಾರಾಂಚಿ ಫೌಜ್ ಎಂಬ ಗುಂಪಿನವರು ಪ್ರವಾಸಿಗರ ಬಸ್ಸಿಗೆ ಸೆಗಣಿ ಎರಚಿ ಪ್ರತಿಭಟಿಸಿದರು. ನೀರು ನಮಗಿಲ್ಲ, ಹೋಟೆಲಿನ ಈಜುಕೊಳಕ್ಕಿದೆ ಎಂಬುದು ಅಂಥ ಪ್ರತಿಭಟನೆಗಳ ಹಿಂದಿದ್ದ ಸಂಕಟ.

ಭೂಮಿಯ ವಿಷಯ ತಿಳಿಯದೆ ಈ ಕಥೆ ಅರ್ಥವಾಗುವುದಿಲ್ಲ. ಕಡಲಂಚಿನ ತೆಂಗಿನ ತೋಟ ಬಹುಪಾಲು ಭಾಟ್‌ಕಾರರದು, ಅಂದರೆ ಜಮೀನ್ದಾರರದು. ಅದರಲ್ಲಿ ಗುಡಿಸಲು ಹಾಕಿಕೊಂಡು, ತೋಟ ಕಾಯುತ್ತ, ಮೀನು ಹಿಡಿಯುತ್ತ ಇದ್ದವರು ಮುಂಡ್‌ಕಾರರು. ನಮ್ಮ ಕಡೆಯ ಮೂಲಗೇಣಿ, ಚಾಲಗೇಣಿ ನೆನಪಿಸಿಕೊಂಡರೆ ಅವರ ಸ್ಥಿತಿ ಊಹಿಸಬಹುದು. ಅವರನ್ನು ಒಕ್ಕಲೆಬ್ಬಿಸದಂತೆ 1975ರಲ್ಲಿ ಗೋವಾದಲ್ಲಿ ಕಾಯ್ದೆಯೂ ಬಂತು. ಆದರೆ ಬಲೆ ಒಣಗಿಸುವ ಮರಳು, ದೋಣಿ ಎಳೆದಿಡುವ ಜಾಗ, ದಡಕ್ಕೆ ಹೋಗುವ ಕಾಲುದಾರಿ ಯಾರ ಹೆಸರಿನಲ್ಲೂ ಇರಲಿಲ್ಲ. ತೋಟ ಮಾರಾಟವಾಗಿ ಬೇಲಿ ಬಿದ್ದಾಗ ಮೊದಲು ಹೋದದ್ದು ಕಾಲುದಾರಿ.

ಇಲ್ಲಿ ನಮ್ಮ ಅಭಿಪ್ರಾಯ ಒಂದಿದೆ. ಪ್ರವಾಸೋದ್ಯಮ ಬಂತು, ಮೀನುಗಾರಿಕೆ ಸತ್ತಿತು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಹಳೆಯ ಫೋಟೋಗಳ ಸಾಲನ್ನು ಕಾಲಕ್ರಮದಲ್ಲಿ ಇಟ್ಟು ನೋಡಿದರೆ ಹಾಗೆ ಕಾಣುವುದಿಲ್ಲ. ಹೋಟೆಲುಗಳು ದಡ ತುಂಬುವ ಮೊದಲೇ ಹಗ್ಗ ಎಳೆಯುವವರ ಸಾಲು ಸಣ್ಣದಾಗುತ್ತ ಬರುತ್ತದೆ. ಪೆಟ್ಟು ಬಿದ್ದದ್ದು ಕಡಲ ಕಡೆಯಿಂದ.

ಅರವತ್ತರ ದಶಕದಿಂದ ಸರ್ಕಾರ ಸಾಲ, ಸಬ್ಸಿಡಿ ಕೊಟ್ಟು ಯಾಂತ್ರಿಕ ಬೋಟುಗಳನ್ನು ಪ್ರೋತ್ಸಾಹಿಸಿತು. ಹೊರದೇಶಕ್ಕೆ ಸಿಗಡಿ ಕಳಿಸಿದರೆ ಡಾಲರು ಬರುತ್ತದೆ ಎಂಬ ಲೆಕ್ಕ. ಬಂಡವಾಳ ಇದ್ದವರು ಬೋಟು ತಂದರು. ಅವರಲ್ಲಿ ಎಲ್ಲರೂ ಮೀನುಗಾರರ ಜಾತಿಯವರೂ ಆಗಿರಲಿಲ್ಲ. ಟ್ರಾಲರುಗಳು ದಡದ ಹತ್ತಿರವೇ ತಳ ಗೋರಿದವು, ಮರಿಮೀನನ್ನೂ ಬಿಡಲಿಲ್ಲ, ರಂಪಣಿ ಬಲೆಗಳನ್ನು ಹರಿದವು. ಆಮೇಲೆ ಪರ್ಸೀನ್ ಬಲೆ ಬಂತು. ಬಂಗುಡೆಯ ಹಿಂಡು ದಡಕ್ಕೆ ಬರುವ ಮೊದಲೇ ಆಳದಲ್ಲಿ ಸುತ್ತುವರಿದು ಎತ್ತಿಬಿಡುವ ಬಲೆ ಅದು. ದಡದಲ್ಲಿ ನಿಂತು ನೀರಿನ ಬಣ್ಣ ನೋಡುವವನಿಗೆ ನೋಡಲು ಏನೂ ಉಳಿಯಲಿಲ್ಲ.

ರಾಂಪಣ್‌ಕಾರರು ಸುಮ್ಮನೆ ಕೂರಲಿಲ್ಲ. ಎಪ್ಪತ್ತರ ದಶಕದ ಮಧ್ಯದಲ್ಲಿ ಗೋಂಯ್‌ಚಾ ರಾಂಪಣ್‌ಕಾರಾಂಚೊ ಏಕ್‌ವಟ್ ಎಂಬ ಸಂಘಟನೆ ಕಟ್ಟಿದರು. ಮುಂದೆ ನಿಂತವರು ಮತಾನಿ ಸಲ್ದಾನ್ಹಾ ಎಂಬ ಶಾಲಾ ಮಾಸ್ತರರು. ಮೆರವಣಿಗೆ, ಉಪವಾಸ, ಪಣಜಿಯಲ್ಲಿ ಧರಣಿ. ದಡದಿಂದ ಐದು ಕಿಲೋಮೀಟರಿನೊಳಗೆ ಟ್ರಾಲರ್ ಬರಬಾರದು ಎಂಬುದು ಬೇಡಿಕೆ. 1978ರಲ್ಲಿ ಬೇರೆ ರಾಜ್ಯಗಳ ಮೀನುಗಾರರೂ ಸೇರಿ ರಾಷ್ಟ್ರ ಮಟ್ಟದ ಮೀನುಗಾರರ ವೇದಿಕೆ ಹುಟ್ಟಿತು. 1980ರಲ್ಲಿ ಗೋವಾ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂತು. ದೇಶದಲ್ಲೇ ಇಂಥ ಮೊದಲ ಕಾಯ್ದೆಗಳಲ್ಲಿ ಅದೂ ಒಂದು. ಲಂಗೋಟಿ ಉಟ್ಟ ಜನ ಕಾಯ್ದೆ ಮಾಡಿಸಿದರು ಎಂಬುದು ಸಣ್ಣ ಮಾತಲ್ಲ. ಜಾರಿ ಮಾತ್ರ ಅರೆಬರೆ. ಮತಾನಿ ಮುಂದೆ ಶಾಸಕರಾದರು, ಗೋವಾದ ಪ್ರವಾಸೋದ್ಯಮ ಮಂತ್ರಿಯೂ ಆದರು. 2012ರಲ್ಲಿ ತೀರಿಕೊಂಡರು. ರಂಪಣಿಯವರ ನಾಯಕನಿಗೆ ಕೊನೆಗೆ ಸಿಕ್ಕಿದ್ದು ಹೋಟೆಲುಗಳ ಖಾತೆ.

ನಮ್ಮ ಕರಾವಳಿಯಲ್ಲೂ ಇದೇ ನಡೆಯಿತು. 1975ರ ಸುಮಾರಿಗೆ ಪರ್ಸೀನ್ ಬಂತು, ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿ ಬಹುತೇಕ ಮುಗಿಯಿತು. ಈಗ ಅಲ್ಲಲ್ಲಿ ಕೈರಂಪಣಿ ಮಾತ್ರ ಉಳಿದಿದೆ. ನಮ್ಮ ಗೆಳೆಯನ ಅಜ್ಜನ ಪಾಲಿನ ಬಲೆ ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದಿತ್ತಂತೆ. ಕೊನೆಗೆ ಕೋಳಿಗೂಡಿಗೆ, ಬಸಳೆ ಚಪ್ಪರಕ್ಕೆ ತುಂಡು ತುಂಡಾಗಿ ಹೋಯಿತು.

ಮೀನು ಕಡಿಮೆಯಾದ ಮೇಲೆ ಬಂದ ಪ್ರವಾಸಿಗ ರಾಂಪಣ್‌ಕಾರನ ಮಗನಿಗೆ ಆಸರೆಯೂ ಆದ. ಇದನ್ನು ಮರೆಮಾಚಬಾರದು. ಹೊಲಿದ ದೋಣಿ ಹೋಗಿ ಫೈಬರ್ ದೋಣಿ ಬಂತು, ಡಾಲ್ಫಿನ್ ತೋರಿಸುವ ಸವಾರಿ ಶುರುವಾಯಿತು. ಹಗ್ಗ ಎಳೆದವರ ಮೊಮ್ಮಕ್ಕಳು ಶಾಕ್ ನಡೆಸುತ್ತಾರೆ, ಟ್ಯಾಕ್ಸಿ ಓಡಿಸುತ್ತಾರೆ, ಕೆಲವರು ಹಡಗಿನಲ್ಲಿ ದುಡಿಯುತ್ತಾರೆ, ಕೆಲವರು ಇಂಗ್ಲೆಂಡಿನಲ್ಲಿದ್ದಾರೆ. ನಾವು ಮಾತಾಡಿಸಿದ ಒಬ್ಬ ದೋಣಿಯವನು, "ಅಪ್ಪನ ಕೆಲಸ ಚೆನ್ನಾಗಿತ್ತು ಅಂತ ಫೋಟೋ ನೋಡಿದವರು ಹೇಳುತ್ತಾರೆ. ಅಪ್ಪನ ಅಂಗೈ ನೋಡಿದವರು ಹೇಳುವುದಿಲ್ಲ" ಎಂದ. 2019ರಲ್ಲಿ ಗೋವಾಕ್ಕೆ ಬಂದ ಪ್ರವಾಸಿಗರು ಸುಮಾರು 80 ಲಕ್ಷ. 2011ರ ಜನಗಣತಿ ಪ್ರಕಾರ ಆ ರಾಜ್ಯದ ಜನಸಂಖ್ಯೆಯೇ 14.58 ಲಕ್ಷ. ಇಷ್ಟು ಜನರ ತಟ್ಟೆಗೆ ಗೋವಾದ ಕಡಲಿನ ಮೀನು ಸಾಲುವುದಿಲ್ಲ. ಕಾರವಾರದಿಂದ, ಮಲ್ಪೆಯಿಂದ ಲಾರಿಯಲ್ಲಿ ಹೋಗುತ್ತದೆ. 2018ರಲ್ಲಿ ಫಾರ್ಮಾಲಿನ್ ಗಲಾಟೆಯಾಗಿ ಗೋವಾ ಸರ್ಕಾರ ಹೊರಗಿನ ಮೀನಿನ ಲಾರಿಗಳನ್ನು ತಡೆದಾಗ ಕಾರವಾರದ ವ್ಯಾಪಾರಿಗಳು ಬೀದಿಗಿಳಿದದ್ದು ನಿಮಗೆ ನೆನಪಿರಬಹುದು.

ಹಳೆಯ ಫೋಟೋಗಳಿಗೆ ಈಗ ಇನ್ನೊಂದು ಉಪಯೋಗ ಬಂದಿದೆ. 1981ರ ನವೆಂಬರಿನಲ್ಲಿ ಇಂದಿರಾ ಗಾಂಧಿ ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಕಾಗದ ಬರೆದು, ಉಬ್ಬರದ ಗೆರೆಯಿಂದ 500 ಮೀಟರಿನೊಳಗೆ ಕಟ್ಟಡ ಬೇಡ ಎಂದಿದ್ದರು. 1991ರ ಫೆಬ್ರವರಿ 19ರಂದು ಅದು ಸಿಆರ್‌ಝಡ್ ಅಧಿಸೂಚನೆಯಾಯಿತು. ಹಳ್ಳಿಗಾಡಿನ ದಡದಲ್ಲಿ 200 ಮೀಟರಿನವರೆಗೆ ಹೊಸ ಕಟ್ಟಡ ಕೂಡದು ಎಂದು ಅದರಲ್ಲಿತ್ತು, ಅಲ್ಲಿಂದ 500ರವರೆಗೆ ಷರತ್ತು ಇತ್ತು. 2006ರಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ತಾನಾಗಿಯೇ ವಿಷಯ ಕೈಗೆತ್ತಿಕೊಂಡು, 1991ರ ನಂತರ ಎದ್ದ ಕಟ್ಟಡಗಳನ್ನು ಪಟ್ಟಿ ಮಾಡಲು ಹೇಳಿತು. ಇಂಥ ಪಟ್ಟಿ ಬಂದಾಗ ಹೋಟೆಲಿನವನ ಹತ್ತಿರ ವಕೀಲರಿರುತ್ತಾರೆ, ನಕ್ಷೆ ಇರುತ್ತದೆ. ಮೂರು ತಲೆಮಾರಿನಿಂದ ಅಲ್ಲೇ ಇರುವ ಮೀನುಗಾರನ ಹತ್ತಿರ ಮನೆ ತೆರಿಗೆ ರಸೀದಿ ಇದ್ದರೆ ಪುಣ್ಯ. ಮಗಳ ಮದುವೆಯ ಹಳೇ ಫೋಟೋದಲ್ಲಿ ಹಿಂದುಗಡೆ ಮನೆಯ ಗೋಡೆ, ಬಾವಿ, ಶಿಲುಬೆ ಕಂಡರೆ ಅದನ್ನು ರಸೀದಿಯ ಜೊತೆ ಇಟ್ಟುಕೊಳ್ಳುತ್ತಾನೆ. ಗೋಕರ್ಣ, ಮುರ್ಡೇಶ್ವರ, ಮರವಂತೆ, ಮಲ್ಪೆ ಕಡೆಯ ನಮ್ಮ ಓದುಗರು ಪೆಟ್ಟಿಗೆ ತೆರೆದು ಒಮ್ಮೆ ನೋಡಬೇಕು. ಫೋಟೋ ಹಿಂದೆ ಪೆನ್ಸಿಲ್ಲಿನಲ್ಲಿ ಹೆಸರು, ಜಾಗ, ಇಸವಿ ಬರೆಯಿರಿ. ಪೆನ್ನಿನ ಶಾಯಿ ಮುಂದಿನ ಬದಿಗೆ ಇಳಿಯುತ್ತದೆ.

ಕಲಂಗುಟ್ ಬೀಚಿನಲ್ಲಿ ಒಂದು ಸಂಜೆ ಸುಮ್ಮನೆ ನಿಂತು, ಜನ ಸೆಲ್ಫಿ ತೆಗೆಯುವುದನ್ನು ನೋಡಿದೆವು. ಅವರ ಬೆನ್ನ ಹಿಂದೆ, ಫೋಟೋದ ಅಂಚಿನಲ್ಲಿ, ಯಾರು ಬರುತ್ತಿದ್ದಾರೆ ಎಂದು. ಮಣಿಸರ, ಬಟ್ಟೆ ಮಾರುವ ನಮ್ಮ ಲಂಬಾಣಿ ತಾಂಡಾದ ಹೆಂಗಸರು. ಜೋಳ ಸುಡುವ ಉತ್ತರ ಕರ್ನಾಟಕದವರು. ಇಟ್ಟಿಗೆ ಹೊರುವವರು, ಕುರ್ಚಿ ಜೋಡಿಸುವವರು, ಕಸ ಹೆಕ್ಕುವವರು. ಆ ಕುರ್ಚಿಗಳ ಹಿಂದೆ ದೋಣಿಗೆ ಒರಗಿ ಕೂತಿದ್ದ ಇಬ್ಬರ ಜಾಗದಲ್ಲಿ ಈಗ ನಮ್ಮೂರಿನವರಿದ್ದಾರೆ.

ಗೋಡೆಯ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಂಡಿದ್ದೆವು. ಮರುದಿನ ಮೀನು ಮಾರುಕಟ್ಟೆಯಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿಗೆ ತೋರಿಸಿದೆವು. ನಮ್ಮ ಗೆಳೆಯ "ಮಾಂಯ್, ಇವರು ಯಾರು ಗೊತ್ತಾಗುತ್ತದಾ?" ಎಂದು ಕೊಂಕಣಿಯಲ್ಲಿ ಕೇಳಿದ. ಅಜ್ಜಿ ಮೊಬೈಲನ್ನು ಮುಖದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಮುಖಗಳ ಗುರುತು ಸಿಗಲಿಲ್ಲ. ಆದರೆ ಮುಂದೆ ನಿಂತವನ ಮೇಲೆ ಬೆರಳಿಟ್ಟು ನಕ್ಕಳು. ಇವನು ಎಳೆಯುತ್ತಿಲ್ಲ, ಕ್ಯಾಮೆರಾ ನೋಡುತ್ತಿದ್ದಾನೆ, ಗದ್ದ ಮೇಲೆತ್ತಿಕೊಂಡು ಯಾರು ಬಲೆ ಎಳೆಯುತ್ತಾರೆ ಅಂದಳು. ಆಮೇಲೆ ಸಾಲಿನ ಕೊನೆಯಲ್ಲಿ ಹಿಮ್ಮಡಿ ಮರಳಿನಲ್ಲಿ ಹೂತು, ಮುಖ ಕೆಳಗೆ ಹಾಕಿ ನಿಂತಿದ್ದವನನ್ನು ತೋರಿಸಿದಳು. ಭಾರ ಇರುವುದು ಇವನ ಮೇಲೆ ಅಂದಳು. ಇಷ್ಟು ಹೇಳಿ ಮೊಬೈಲ್ ವಾಪಸು ಕೊಟ್ಟು, ಬಂಗುಡೆ ಬೇಕಾ ಎಂದು ಕೇಳಿದಳು. ಬುಟ್ಟಿಯಲ್ಲಿದ್ದದ್ದು ಕಾರವಾರದ ಬಂಗುಡೆ.

ಹೊರಡುವ ದಿನ ಹಾವೇರಿ ಹುಡುಗನಿಗೆ ಎಲ್ಲ ಹೇಳಿದೆವು. ಕಡಲಿನಲ್ಲಿ ಬಲೆ ಹೇಗೆ ಸುತ್ತುತ್ತದೆ, ಹಗ್ಗದ ಆ ತುದಿಯಲ್ಲಿ ಏನಿದೆ, ಪಾಲು ಹೇಗೆ. ಅವನು ಕೇಳಿದ್ದು ಒಂದೇ: "ಕೈ ಹಚ್ಚಿದವ್ರಿಗೆಲ್ಲಾ ಪಾಲು ಕೊಡ್ತಿದ್ರೇನ್ರೀ?" ಹೌದು ಅಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, ಫೋಟೋದ ಕೆಳಗೆ ತನ್ನದೊಂದು ಫೋಟೋ ತೆಗೆಯಲು ಹೇಳಿದ. ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು, ಸಾಲಿನ ಕೊನೆಯವನ ಪಕ್ಕಕ್ಕೆ ಬರುವ ಹಾಗೆ ನಿಂತ.

"ತಾರೀಖು ಬರ್ತೈತಿಲ್ರಿ ಇದ್ರಾಗ?" ಅಂದ. ಬರುತ್ತದೆ ಅಂದೆವು. "ನಮ್ಮೂರ ಹೆಸರೂ ಬರ್ಕೊಳ್ರಿ ಮತ್ತ."